ಸಹಾಯ ಬೇಕು: ದೊಡ್ಡ ಮಕ್ಕಳಿಗೆ ಉಡುಗೊರೆ ಸಾಲ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಸೇವಾ ಕ್ಲಬ್ಬಿನಿಂದ ಹಬ್ಬಕ್ಕೆ ಬಡ ಮಕ್ಕಳಿಗೆ ಉಡುಗೊರೆ ಸಂಗ್ರಹ ಮಾಡ್ತಿದ್ದೀವಿ. ಚಿಕ್ಕವರ ಪೆಟ್ಟಿಗೆ ಗೊಂಬೆ, ಕಾರುಗಳಿಂದ ತುಂಬಿ ತುಳುಕ್ತಿದೆ. 13ರಿಂದ 17 ವರ್ಷದವರ ಪೆಟ್ಟಿಗೇಲಿ ಮಾತ್ರ ನಾಲ್ಕಾರು ನೋಟ್‌ಬುಕ್, ಒಂದು ಟೆಡ್ಡಿ ಬೇರ್. ಹದಿನಾರರ ಹುಡುಗನ ಕೈಗೆ ಟೆಡ್ಡಿ ಕೊಡೋದು ಹೇಗೆ? ಇದ್ದಿದ್ದು ಕೊಟ್ಟರಾಯ್ತು ಅಂತ ಕೆಲವರು ಅಂತಾರೆ. ನನಗೆ ಮನಸ್ಸು ಒಪ್ಪಲ್ಲ, ಅವರೂ ಮಕ್ಕಳೇ ಅಲ್ವಾ.

ಹೆಸರು ಹಾಕದೆ ವಯಸ್ಸು, ಬಟ್ಟೆ ಅಳತೆ, ಇಷ್ಟ ಬರೆದ ಚೀಟಿ ಇಟ್ವಿ. ದಾನಿಗಳು ಚಿಕ್ಕವರ ಚೀಟೀನೇ ಆರಿಸ್ಕೊಂಡ್ರು. ಗಿಫ್ಟ್ ಕಾರ್ಡ್ ಕೇಳೋಣ ಅಂದ್ರೆ ಲೆಕ್ಕ ಇಡೋದು ಕಷ್ಟ ಅಂತ ಖಜಾಂಚಿ ಒಪ್ತಿಲ್ಲ.

ಹಣ ಕೂಡಿಸಿ ನಾವೇ ಕೊಳ್ಳೋದಾ, ಇಲ್ಲಾ ಪ್ರತಿ ದಾನಿಗೆ ಚಿಕ್ಕವರದೊಂದು ದೊಡ್ಡವರದೊಂದು ಚೀಟಿ ಜೋಡಿಸಿ ಕೊಡೋದಾ? ಮಾಡಿ ನೋಡಿದವರಿಗೆ ಯಾವುದು ಕೈಹಿಡೀತು, ದಯವಿಟ್ಟು ಹೇಳ್ತೀರಾ?