ತಂದೆಯವರ ಹೆಸರಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ದಾನ: ಪುಸ್ತಕ ಕೊಡುವುದೋ, ಹಣ ಕೊಡುವುದೋ?

ಪ್ರಶ್ನೆ (ಸಕಲೇಶಪುರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಕಳೆದ ವರ್ಷ ತೀರಿಕೊಂಡರು. ಅವರು ಬಿಟ್ಟುಹೋದ ಸುಮಾರು ಎರಡು ಸಾವಿರ ಪುಸ್ತಕಗಳು ಮನೆಯಲ್ಲಿವೆ. ಕರ್ನಾಟಕದ ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಹಾಸನ ಮತ್ತು ಕಡೂರು ಸಂಪುಟಗಳು, ಹೊಯ್ಸಳರ ಕುರಿತ ಗ್ರಂಥಗಳು, ಪಠ್ಯಪುಸ್ತಕಗಳು, ಕಾದಂಬರಿಗಳು, ವಾರಪತ್ರಿಕೆಗಳ ಕಟ್ಟುಗಳು ಎಲ್ಲವೂ ಅದರಲ್ಲಿ ಸೇರಿವೆ. ಇದಲ್ಲದೆ ಆಲೂರು, ಬೇಲೂರು, ಸಕಲೇಶಪುರ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ, ವೀರಗಲ್ಲು ಮತ್ತು ಮಾಸ್ತಿಕಲ್ಲುಗಳ ಬಗ್ಗೆ ಅವರು ಬರೆದಿಟ್ಟ ನೋಟುಪುಸ್ತಕಗಳೂ ಇವೆ.

ಇವನ್ನೆಲ್ಲ ಹಾಸನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಿ, ಅವರ ಹೆಸರಿನಲ್ಲಿ ಹತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕೆಂಬುದು ನಾವು ಮೂವರು ಒಡಹುಟ್ಟಿದವರ ಅಪೇಕ್ಷೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಶತಮಾನ ದಾಟಿದ ಮೈಸೂರಿಗೆ ಕೊಡುವುದಕ್ಕಿಂತ ಇಲ್ಲಿಗೆ ಕೊಟ್ಟರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಹೆಚ್ಚು ನೆರವಾದೀತು ಎಂದು ನಂಬಿದ್ದೇವೆ. ಹಣವನ್ನು ದತ್ತಿನಿಧಿಯಾಗಿ (ಮೂಲಧನ ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವಂತೆ) ಇಡುವುದು ಲೇಸೇ, ಅಥವಾ ಹೊಸ ಪುಸ್ತಕಗಳನ್ನು ಕೊಂಡುಕೊಡುವುದು ಲೇಸೇ? ನಮ್ಮಣ್ಣ ಅಮೆರಿಕದ ಪೌರತ್ವ ಪಡೆದಿದ್ದು, ತಮ್ಮ ಪಾಲನ್ನು ಅಲ್ಲಿಂದಲೇ ಕಳುಹಿಸುವುದಾಗಿ ಹೇಳಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಗ್ರಂಥಪಾಲಕಿ, ಹಾಸನ)

ನಿಮ್ಮ ಸಂಕಲ್ಪ ದೊಡ್ಡದು. ಅದು ಕೈಗೂಡಬೇಕಾದರೆ ಮೊದಲಿಗೆ ಒಂದು ಮಾತನ್ನು ನೇರವಾಗಿ ಹೇಳಬೇಕು: ಎರಡು ಸಾವಿರ ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಗ್ರಂಥಾಲಯದ ಬಾಗಿಲಿಗೆ ತಂದಿಳಿಸಬೇಡಿ. ದಾನವಾಗಿ ಬಂದ ಪುಸ್ತಕ ಓದುಗರ ಕೈ ಸೇರುವ ಮುನ್ನ ಅದರಲ್ಲಿ ಹುಳು ಅಥವಾ ಬೂಸ್ಟು ಇದೆಯೇ ಎಂದು ನೋಡಬೇಕು, ಅದೇ ಪುಸ್ತಕ ಈಗಾಗಲೇ ಇದೆಯೇ ಎಂದು ಹುಡುಕಬೇಕು, ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು, ವರ್ಗೀಕರಣದ ಸಂಖ್ಯೆ ಕೊಡಬೇಕು, ಕಂಪ್ಯೂಟರಿನ ಸೂಚಿಗೆ (ಕ್ಯಾಟಲಾಗಿಗೆ) ಸೇರಿಸಬೇಕು, ಬೈಂಡು ಬಿಚ್ಚಿದ್ದರೆ ಹೊಸದಾಗಿ ಕಟ್ಟಿಸಬೇಕು. ಪುಸ್ತಕ ಉಚಿತವಾಗಿ ಬರಬಹುದು, ಆದರೆ ಈ ಕೆಲಸಗಳಲ್ಲಿ ಒಂದೂ ಉಚಿತವಲ್ಲ. ಸಿಬ್ಬಂದಿ ಕಡಿಮೆ ಇರುವ ಕಡೆ ಪೆಟ್ಟಿಗೆಗಳು ವರ್ಷಗಟ್ಟಲೆ ಬಿಚ್ಚದೆ ಉಳಿಯುತ್ತವೆ. ಸಕಲೇಶಪುರದ ಮಳೆಗಾಲ ಕಂಡ ಕಾಗದವಾದರೆ ಒಂದು ಪೆಟ್ಟಿಗೆಯ ಬೂಸ್ಟು ಇಡೀ ಕಪಾಟಿಗೆ ಹರಡುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಆದ್ದರಿಂದ ಮೊದಲು ಪಟ್ಟಿ ಮಾಡಿ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಪುಸ್ತಕದ ಸ್ಥಿತಿ, ಇಷ್ಟು ಸಾಕು. ಆ ಪಟ್ಟಿಯನ್ನು ಗ್ರಂಥಪಾಲಕರಿಗೆ ಕೊಟ್ಟು, ಬೇಕಾದವನ್ನಷ್ಟೇ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅವರಿಗೇ ಬಿಡಿ. ಹಳೆಯ ಪಠ್ಯಪುಸ್ತಕಗಳನ್ನು ಅವರು ಒಲ್ಲೆ ಎಂದರೆ ನೊಂದುಕೊಳ್ಳಬೇಡಿ. ಶಾಸನತಜ್ಞ ಬಿ.ಎಲ್. ರೈಸ್ ಅವರು 1901 ಮತ್ತು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾದ ಕಡೂರು, ಹಾಸನ ಸಂಪುಟಗಳ ಮಾತು ಬೇರೆ. ಪರಿಷ್ಕೃತ ಆವೃತ್ತಿಗಳು ಬಂದಿದ್ದರೂ ಸಂಶೋಧಕರು ಹಳೆಯ ಪಾಠವನ್ನು ಹೋಲಿಸಿ ನೋಡಲೇಬೇಕಾಗುತ್ತದೆ. ಇನ್ನು ನಿಮ್ಮ ತಂದೆಯವರ ನೋಟುಪುಸ್ತಕಗಳು ಇಡೀ ಸಂಗ್ರಹದಲ್ಲೇ ಅತ್ಯಂತ ಬೆಲೆಯುಳ್ಳವು ಎಂದು ನನ್ನ ಭಾವನೆ. ಅಚ್ಚಾದ ಪುಸ್ತಕ ಇನ್ನೊಂದು ಕಡೆ ಸಿಕ್ಕೀತು; ರಸ್ತೆ ಅಗಲಿಸುವಾಗ ಮಾಯವಾದ ವೀರಗಲ್ಲಿನ ವಿವರ ಅವರ ಟಿಪ್ಪಣಿಯಲ್ಲಿ ಮಾತ್ರ ಉಳಿದಿರಬಹುದು.

ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಒಂದು ಹಸ್ತಪ್ರತಿಯನ್ನು ಒಪ್ಪಿಸಿದ್ದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಕೊಟ್ಟವರು ಎಷ್ಟು ಮುಖ್ಯವೋ, ಬಂದದ್ದನ್ನು ಬಿಚ್ಚಿ ಓದಿ ಪಟ್ಟಿಗೆ ಸೇರಿಸುವ ತಿಳಿವಳಿಕಸ್ಥರು ಅಲ್ಲಿ ಇರುವುದೂ ಅಷ್ಟೇ ಮುಖ್ಯ. ನಿಮ್ಮ ಹಣ ಈ ಎರಡನೆಯದಕ್ಕೆ ಸಲ್ಲಲಿ ಎಂಬುದು ನನ್ನ ವಿನಂತಿ: ಸೂಚೀಕರಣ, ಬೈಂಡಿಂಗ್, ಸ್ಕ್ಯಾನಿಂಗ್, ಈ ಕೆಲಸಕ್ಕೆಂದೇ ಗ್ರಂಥಾಲಯ ವಿಜ್ಞಾನ ಓದಿದ ಒಬ್ಬರಿಗೆ ಗೌರವಧನ. ಕನ್ನಡ ಪುಸ್ತಕಗಳ ವಿವರಗಳನ್ನು ಕನ್ನಡ ಲಿಪಿಯಲ್ಲೇ ಸೂಚಿಗೆ ಸೇರಿಸಬೇಕೆಂದು ಒಪ್ಪಂದದಲ್ಲಿ ಬರೆಸಿ. ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ತುಂಬಿಸಿದರೆ ಕಪಾಟಿನಲ್ಲಿರುವ ಪುಸ್ತಕವೂ ವಿದ್ಯಾರ್ಥಿಗೆ ಸಿಗುವುದಿಲ್ಲ.

ವಿದ್ವತ್ ಪತ್ರಿಕೆಗಳ ಚಂದಾಕ್ಕೆ ಹಣ ಮೀಸಲಿಡುವ ಅಗತ್ಯ ಈಗ ಕಡಿಮೆ. ಇಂಥ ಪತ್ರಿಕೆಗಳಿಗೆ ಸರ್ಕಾರವೇ ಚಂದಾ ಕಟ್ಟಿ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವ, ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ದೊರೆತು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದೆ. ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಆ ಹಣದಿಂದ ಹಾಸನದ ಪುಸ್ತಕಕ್ಕೆ ಬೈಂಡು ಹಾಕಿಸಲು ಬರುವುದಿಲ್ಲ, ಹಳೇಬೀಡಿನ ಸ್ಥಳೀಯ ಇತಿಹಾಸದ ಪುಸ್ತಕವನ್ನು ಕೊಳ್ಳಲೂ ಬರುವುದಿಲ್ಲ. ಅಂದಹಾಗೆ, ಜಿಲ್ಲಾ ಕೇಂದ್ರ ಗ್ರಂಥಾಲಯಗಳಿಗೆ 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲಿನ ಗ್ರಂಥಾಲಯ ಕರವಿದೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅದರಲ್ಲಿ ಪಾಲಿಲ್ಲ.

ಉತ್ತರ 2 (ಸಂಶೋಧನಾ ವಿದ್ಯಾರ್ಥಿ, ಬೇಲೂರು)

ಮೇಡಂ ಹೇಳಿದ್ದನ್ನು ಒಪ್ಪುತ್ತಲೇ, ನೀವು ಕೇಳಿದ ದತ್ತಿನಿಧಿಯ ಯೋಚನೆಯ ಬಗ್ಗೆ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಹತ್ತು ಲಕ್ಷಕ್ಕೆ ಶೇಕಡ 7ರಂತೆ ಬಡ್ಡಿ ಬಂದರೆ ವರ್ಷಕ್ಕೆ 70,000 ರೂಪಾಯಿ. ಅದನ್ನೆಲ್ಲ ಖರ್ಚು ಮಾಡುತ್ತ ಹೋದರೆ ಬೆಲೆ ಏರಿದಂತೆ ನಿಧಿಯ ಕಸುವು ಕುಗ್ಗುತ್ತದೆ. ಒಂದು ಭಾಗವನ್ನು ಮೂಲಧನಕ್ಕೆ ಸೇರಿಸಿದರೆ ಕೈಗೆ ಉಳಿಯುವುದು ಅಲ್ಪ. ಒಬ್ಬರ ಅರೆಕಾಲಿಕ ಗೌರವಧನಕ್ಕೂ ಅದು ಸಾಲದು. ಅದರ ಬದಲು ನಾಲ್ಕೈದು ವರ್ಷಗಳಲ್ಲಿ ಪೂರ್ತಿ ಖರ್ಚಾಗುವಂತೆ ಕೊಟ್ಟರೆ, ನೋಟುಪುಸ್ತಕಗಳ ಸ್ಕ್ಯಾನಿಂಗ್, ಅವುಗಳ ಊರುವಾರು ಸೂಚಿ, ಸಂಗ್ರಹದ ಬೈಂಡಿಂಗ್ ಎಲ್ಲವೂ ಮುಗಿದು, ನಮ್ಮಂಥವರು ಮೈಸೂರಿಗೆ ಹೋಗದೆ ಇಲ್ಲೇ ಕುಳಿತು ಕೆಲಸ ಮಾಡಬಹುದು. ಹೆಸರು ಶಾಶ್ವತವಾಗಿರಲಿ ಎಂಬ ಆಸೆ ಸಹಜವಾದದ್ದೇ. ಆದರೆ ಮುಗಿದ ಸೂಚಿಯ ಮೇಲೆ ತಂದೆಯವರ ಹೆಸರಿದ್ದರೆ ಅದೂ ಉಳಿಯುತ್ತದೆ.

ಶ್ರವಣಬೆಳಗೊಳದ ಜಿಲ್ಲೆಯವರಾದ ನಮಗೆ ಶಾಸ್ತ್ರದಾನ, ಅಂದರೆ ಗ್ರಂಥಗಳನ್ನು ದಾನ ಮಾಡುವ ಜೈನ ಸಂಪ್ರದಾಯ, ಹೊಸ ವಿಚಾರವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಿಪಿಕಾರರ ಕೈಕೆಲಸಕ್ಕೆ ಆಕೆ ಮಾಡಿದ ವೆಚ್ಚದಿಂದಲೇ ಆ ಕಾವ್ಯ ಊರೂರು ತಲುಪಿತು.

ನೋಟುಪುಸ್ತಕಗಳ ಬಗ್ಗೆ ಇನ್ನೊಂದು ವಿಷಯ. ಅವುಗಳನ್ನು ಕೊಟ್ಟ ಮಾತ್ರಕ್ಕೆ ಬರಹದ ಹಕ್ಕುಸ್ವಾಮ್ಯ ಗ್ರಂಥಾಲಯಕ್ಕೆ ಹೋಗುವುದಿಲ್ಲ. ಲೇಖಕರ ಕಾಲಾನಂತರ ಅದು ವಾರಸುದಾರರಾದ ನಿಮ್ಮಲ್ಲಿರುತ್ತದೆ. ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಡಲು ಅನುಮತಿಸುತ್ತೇವೆ ಎಂದು ದಾನಪತ್ರದಲ್ಲಿ ಮೂವರೂ ಸಹಿ ಹಾಕಿ ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಪಟ್ಟಿ ಮಾಡುವ ಕೆಲಸವನ್ನು ನಮ್ಮತ್ತಿಗೆ ಮತ್ತು ನಾನು ಆರಂಭಿಸುತ್ತೇವೆ. ಆದರೆ ಒಂದು ಆತಂಕವಿದೆ. ಹಾಸನವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆ 2025ರ ಆರಂಭದಲ್ಲಿ ಸರ್ಕಾರದ ಮಟ್ಟದಲ್ಲಿ ನಡೆದಿತ್ತು. ನಾಳೆ ಮತ್ತೆ ಮೈಸೂರಿನೊಂದಿಗೆ ವಿಲೀನವಾದರೆ ನಮ್ಮ ಸಂಗ್ರಹದ ಗತಿಯೇನು?

ಉತ್ತರ 1ರ ಗ್ರಂಥಪಾಲಕಿ

ಅದಕ್ಕಾಗಿಯೇ ಬರವಣಿಗೆಯ ಒಪ್ಪಂದ ಬೇಕು. ಆಡಳಿತ ಯಾವ ವಿಶ್ವವಿದ್ಯಾಲಯದ್ದಾದರೂ ಸಂಗ್ರಹವು ಹೇಮಗಂಗೋತ್ರಿಯ ಆವರಣದಲ್ಲೇ ಇರತಕ್ಕದ್ದು, ಅದು ಸಾಧ್ಯವಾಗದಿದ್ದರೆ ಹಾಸನ ಜಿಲ್ಲೆಯೊಳಗಿನ ಮತ್ತೊಂದು ಸಾರ್ವಜನಿಕ ಗ್ರಂಥಾಲಯಕ್ಕೆ ವರ್ಗಾಯಿಸತಕ್ಕದ್ದು ಎಂದು ಬರೆಸಿ. ಉಳಿದ ಷರತ್ತುಗಳನ್ನು ಕಡಿಮೆ ಮಾಡಿ. ಪ್ರತ್ಯೇಕ ಕೋಣೆಯೇ ಬೇಕು, ಒಂದು ಪುಸ್ತಕವನ್ನೂ ಬೇರೆಡೆ ಇಡಕೂಡದು ಎಂದರೆ ಅದೊಂದು ಬೀಗ ಹಾಕಿದ ಕೋಣೆಯಾಗಿ ಉಳಿಯುವ ಅಪಾಯವಿದೆ. ಪ್ರತಿ ಪುಸ್ತಕದೊಳಗೆ ತಂದೆಯವರ ಹೆಸರಿನ ಚೀಟಿ ಅಂಟಿಸಿ, ಆಯಾ ವಿಷಯದ ಕಪಾಟಿನಲ್ಲಿ ಇಡುವುದೇ ಓದುಗರಿಗೆ ಅನುಕೂಲ. ಹಣದ ವಿಚಾರದಲ್ಲಿ ಬೇಲೂರಿನವರ ಮಾತೇ ಸರಿ ಎನಿಸುತ್ತಿದೆ. ಹೆಚ್ಚಿನ ಪಾಲನ್ನು ಕೆಲಸಕ್ಕೆ ಕೊಟ್ಟು, ಉಳಿದದ್ದನ್ನು ಸಣ್ಣ ದತ್ತಿಯಾಗಿಡಬಹುದು.

ಉತ್ತರ 3 (ಲೆಕ್ಕಪರಿಶೋಧಕ, ಚಿಕ್ಕಮಗಳೂರು)

ನಿಮ್ಮಣ್ಣನವರ ಪಾಲಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಮುಟ್ಟಲಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಹೊರದೇಶದಲ್ಲಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಅಮೆರಿಕದ ಪೌರರಾದವರು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಹೊಂದಿದ್ದರೂ ವಿದೇಶಿ ದೇಣಿಗೆಯ ಕಾನೂನಿನ ಪ್ರಕಾರ ‘ವಿದೇಶಿ ಮೂಲ’ವೇ. ಅವರ ಹಣವನ್ನು ಪಡೆಯಲು ತಮಗೆ ಅವಕಾಶವಿದೆಯೇ, ಇದ್ದರೆ ಯಾವ ಖಾತೆಗೆ ಎಂಬುದನ್ನು ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ ಲಿಖಿತವಾಗಿ ತಿಳಿಸಬೇಕು. ನಿಮ್ಮ ಖಾತೆಗೆ ತರಿಸಿಕೊಂಡು ಅಲ್ಲಿಂದ ದಾಟಿಸುವ ಯೋಚನೆ ಬೇಡ.

ತೆರಿಗೆ ವಿನಾಯಿತಿ ಬೇಕಿದ್ದರೆ, 80ಜಿ ಎಂದೇ ಪರಿಚಿತವಾದ ಮಾನ್ಯತೆ ವಿಶ್ವವಿದ್ಯಾಲಯಕ್ಕೆ ಇದೆಯೇ ಎಂದು ಮೊದಲೇ ಕೇಳಿ. ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ದೊರೆಯುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ವಸ್ತುರೂಪದ ದಾನಕ್ಕೂ ಇಲ್ಲ. ಆದ್ದರಿಂದ ಪುಸ್ತಕಗಳ ಬೆಲೆ ಕಟ್ಟಿಸಲು ಓಡಾಡಬೇಡಿ. ದಾನವನ್ನು ಸ್ವೀಕರಿಸಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮಾಡಿದ ನಿರ್ಣಯದ ಪ್ರತಿಯನ್ನು ಕುಲಸಚಿವರ ಕಚೇರಿಯಿಂದ ಪಡೆದ ಮೇಲೆಯೇ ಚೆಕ್ ಕೊಡಿ, ಮತ್ತು ಚೆಕ್ಕಿನ ಜೊತೆಗಿನ ಪತ್ರದಲ್ಲಿ ಈ ಹಣ ಗ್ರಂಥಾಲಯದ ಇಂಥ ಕೆಲಸಕ್ಕೆಂದೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ.