ಅಪ್‌ಡೇಟ್: ಎರಡೂ ಕಡೆ ಬಿಗಿ ಹಿಡಿದ ಉಕ್ಕಿನ ಸರಳು
ಸರಳಿನ ಎರಡೂ ತುದಿ ಅಲುಗಾಡದಂತೆ ಹಿಡಿದು ಬಿಸಿ ಮಾಡಿದರೆ ಒಳಗೆ ಎಷ್ಟು ಒತ್ತಡ ಹುಟ್ಟುತ್ತದೆ, ಉದ್ದ ಜಾಸ್ತಿಯಾದರೆ ಅದೂ ಜಾಸ್ತಿಯಾಗುತ್ತದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದಂತೆ ಲೆಕ್ಕ ಹಾಕಿದೆ.

1 ಮೀಟರ್ ಸರಳು 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 0.48 ಮಿಲಿಮೀಟರ್ ಅಷ್ಟೇ. ಆದರೆ ಅಷ್ಟಕ್ಕೂ ಜಾಗ ಕೊಡದಿದ್ದರೆ ಹತ್ತಿರ ಹತ್ತಿರ 96 ಮೆಗಾಪ್ಯಾಸ್ಕಲ್ ಒತ್ತಡ! ಸೂತ್ರದಲ್ಲಿ ಉದ್ದವೇ ಇಲ್ಲ, ಯಾಕೆಂದರೆ ಉದ್ದ ದುಪ್ಪಟ್ಟಾದರೆ ಹಿಗ್ಗುವುದೂ ದುಪ್ಪಟ್ಟು, ಅನುಪಾತ ಹಾಗೇ ಉಳಿಯುತ್ತದೆ. ಯಂಗ್ ಮಾಡ್ಯುಲಸ್ (ಎಳೆದರೆ ಅಥವಾ ಒತ್ತಿದರೆ ವಸ್ತು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬ ಅಳತೆ, ಉಕ್ಕಿಗೆ ಸುಮಾರು 200 ಗಿಗಾಪ್ಯಾಸ್ಕಲ್), ಹಿಗ್ಗುವ ಗುಣಾಂಕ (ಒಂದು ಡಿಗ್ರಿಗೆ ತನ್ನ ಉದ್ದದ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು), ತಾಪಮಾನದ ವ್ಯತ್ಯಾಸ ಈ ಮೂರನ್ನು ಗುಣಿಸಿದರೆ ಮುಗಿಯಿತು. ಇದು ನನಗೆ ತುಂಬಾ ಇಷ್ಟವಾಯಿತು. ಉದ್ದ ಮುಖ್ಯವಾಗುವುದು ಬಾಗುವ ವಿಷಯದಲ್ಲಿ: ಉದ್ದನೆಯ ತೆಳ್ಳಗಿನ ಸರಳು ಬೇಗ ಬಾಗುತ್ತದೆ. ರೈಲು ಹಳಿ ಬಿಸಿಲಿಗೆ ಸೊಟ್ಟಗಾಗುವುದೂ ಹೀಗೇ ಅಲ್ವಾ.

ಗ್ಯಾಸ್ (ಅನಿಲ) ಬಿಸಿಯಾದರೆ ಎಷ್ಟು ಹಿಗ್ಗುತ್ತದೆ ಅಂತ ಕೇಳಿದವರಿಗೆ: ಒತ್ತಡ ಬದಲಾಗದಂತೆ 27 ಡಿಗ್ರಿಯಿಂದ 57 ಡಿಗ್ರಿಗೆ ಬಿಸಿ ಮಾಡಿದರೆ ಗಾತ್ರ ಸುಮಾರು ಶೇ 10 ಹೆಚ್ಚುತ್ತದೆ. ಲೆಕ್ಕ ಮಾತ್ರ ಕೆಲ್ವಿನ್‌ನಲ್ಲೇ (ಸೆಲ್ಸಿಯಸ್‌ಗೆ ಸುಮಾರು 273 ಕೂಡಿಸಿದರೆ ಬರುವ ತಾಪಮಾನ) ಮಾಡಬೇಕು, 300ರಿಂದ 330. ಪಾತ್ರೆ ಮುಚ್ಚಿದ್ದರೆ ಗಾತ್ರದ ಬದಲು ಒತ್ತಡ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ.