ಹೊಸ ಕಾರಿನೊಳಗೆ ಬೆಳಗಿನ ಹೊತ್ತು ಕೇಳಿಸುವ ಕಟಕಟ ಸದ್ದು: ಮೂಲವನ್ನು ಹುಡುಕುವುದು ಹೇಗೆ?

ಪ್ರಶ್ನೆ: ಹೇಮಾವತಿ ತೀರದವ

ನಮಸ್ಕಾರ. ಮೂರು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್ ಇರುವ ಹ್ಯಾಚ್‌ಬ್ಯಾಕ್ ಕಾರೊಂದನ್ನು ಕೆಲವು ತಿಂಗಳ ಹಿಂದೆ ಕೊಂಡಿದ್ದೇನೆ. ಎಂಜಿನ್, ಗೇರು, ಬ್ರೇಕು ಯಾವುದರ ಬಗೆಗೂ ನನಗೆ ದೂರಿಲ್ಲ. ಆದರೆ ಸ್ಟೀರಿಂಗಿನ ಬಲಕ್ಕೆ, ಎಸಿ ಗಾಳಿ ಬರುವ ಕಿಂಡಿಯ ಆಸುಪಾಸಿನಲ್ಲಿ, ಗಟ್ಟಿ ಪ್ಲಾಸ್ಟಿಕ್ಕಿಗೆ ಏನೋ ತಗುಲಿದಂತಹ ಕಟಕಟ ಸದ್ದೊಂದು ಸೇರಿಕೊಂಡಿದೆ.

ಹಾಸನದಲ್ಲಿ ಬೆಳಗಿನ ಚಳಿಯಲ್ಲಿ ಕಾರು ಹೊರತೆಗೆದಾಗ ಬಡಾವಣೆಯ ಕಾಂಕ್ರೀಟ್ ರಸ್ತೆಯ ಮೇಲೆಯೇ ಸದ್ದು ಆರಂಭವಾಗುತ್ತದೆ. ಹೆದ್ದಾರಿಯ ನುಣುಪಾದ ಡಾಂಬರಿನ ಮೇಲೆ ಬಹುತೇಕ ನಿಂತುಹೋಗುತ್ತದೆ. ಮಂಗಳೂರಿನ ಕಡೆಗೆ ಹೋಗುವಾಗ ಶಿರಾಡಿ ಘಾಟಿಯ ಕಾಂಕ್ರೀಟ್ ಭಾಗದಲ್ಲಿ ಯಾರೋ ತಾಳ ಹಾಕುತ್ತಿರುವಂತೆ ನಿಯಮಿತವಾಗಿ ಕೇಳಿಸುತ್ತದೆ. ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿದರೆ ಸದ್ದು ತೀರಾ ಕಡಿಮೆ.

ಸರ್ವಿಸ್ ಕೇಂದ್ರದವರು ಒಮ್ಮೆ ಡ್ಯಾಶ್‌ಬೋರ್ಡಿನ ಕೆಳಗಿನ ಸ್ಕ್ರೂಗಳನ್ನು ಬಿಗಿಮಾಡಿ ಕೊಟ್ಟರು, ಇನ್ನೊಮ್ಮೆ ಈ ಮಾದರಿಯಲ್ಲಿ ಇದು ಸಹಜವೆಂದು ಹೇಳಿ ಕಳುಹಿಸಿದರು. ಈಗ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ನೋಡೋಣವೇ ಎಂದು ಕೇಳುತ್ತಿದ್ದಾರೆ. ಹೊಸ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿಸಲು ನನಗೆ ಧೈರ್ಯವಿಲ್ಲ. ಅದಕ್ಕೂ ಮೊದಲು ನಾನೇ ಮಾಡಬಹುದಾದ ಪರೀಕ್ಷೆಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಗ್ಯಾರೇಜ್ ಪಕ್ಕದ ಮನೆ

ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ಆಟೋಮೊಬೈಲ್ ಅಂಗಡಿಗಳಲ್ಲಿ ವೈರುಗಳಿಗೆ ಸುತ್ತುವ ಬಟ್ಟೆಯ ಟೇಪು ಮತ್ತು ಅಂಟಿರುವ ತೆಳು ಫೋಮ್ ಹಾಳೆ ಸಿಗುತ್ತವೆ. ಎಸಿ ಕಿಂಡಿಯ ಸುತ್ತಲಿನ ಸಂದು, ಡ್ಯಾಶ್‌ಬೋರ್ಡ್ ಮತ್ತು ಗಾಜಿನ ನಡುವಿನ ಸಂದು, ಹೀಗೆ ಎಲ್ಲೆಲ್ಲಿ ಬಿರುಕು ಕಾಣುತ್ತದೆಯೋ ಅಲ್ಲೆಲ್ಲ ಫೋಮ್ ತುರುಕಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಮ್ಮ ಕಡೆ ಟ್ಯಾಕ್ಸಿಯವರು ಮಾಡುವುದು ಇದನ್ನೇ.

ಉತ್ತರ: ಕಂಪನ ಶಾಸ್ತ್ರಿ

ಮೇಲಿನ ಸಲಹೆಯನ್ನು ಸದ್ಯಕ್ಕೆ ಪಾಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಫೋಮ್ ಒಳ್ಳೆಯ ಪದಾರ್ಥವೇ, ಆದರೆ ಮೂಲ ಸಿಕ್ಕ ಮೇಲೆ. ಸಿಕ್ಕಸಿಕ್ಕಲ್ಲಿ ತುರುಕಿದರೆ ಎರಡು ತುಂಡುಗಳ ನಡುವಿನ ಒತ್ತಡ ಬದಲಾಗಿ ಸದ್ದು ಬೇರೆ ಕಡೆಗೆ ಸರಿಯುತ್ತದೆ, ಆಮೇಲೆ ನೀವು ಈಗ ಕೊಟ್ಟಿರುವಷ್ಟು ಸ್ಪಷ್ಟವಾದ ಲಕ್ಷಣಗಳೂ ಉಳಿಯುವುದಿಲ್ಲ.

ನಿಮ್ಮ ವಿವರಣೆಯಲ್ಲೇ ಅರ್ಧ ಉತ್ತರವಿದೆ. ಮೊದಲನೆಯದಾಗಿ, ಸದ್ದನ್ನು ಎಬ್ಬಿಸುತ್ತಿರುವುದು ಎಂಜಿನ್ನೋ, ಚಕ್ರವೋ, ರಸ್ತೆಯೋ ಎಂಬುದನ್ನು ಬೇರ್ಪಡಿಸಬೇಕು. ನಿಮ್ಮ ಮೂರು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಬಾರಿ ಇಂಧನ ಉರಿಯುತ್ತದೆ. ಅಂತಹ ಕಂಪನದಿಂದ ಏಳುವ ಸದ್ದನ್ನು ಎಣಿಸಲಾಗದು, ಅದು ಝೇಂಕಾರದಂತೆ ಒಂದೇ ಸಮನೆ ಕೇಳಿಸುತ್ತದೆ. ಗಾಡಿಯನ್ನು ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ನಿಧಾನವಾಗಿ 3000 ಸುತ್ತಿನವರೆಗೆ ಏರಿಸಿ ನೋಡಿ. ಸದ್ದು ಬರದಿದ್ದರೆ ಎಂಜಿನ್ನನ್ನು ಬಹುಮಟ್ಟಿಗೆ ಪಟ್ಟಿಯಿಂದ ತೆಗೆದುಹಾಕಬಹುದು. ಚಕ್ರದ ಸದ್ದಾದರೆ ರಸ್ತೆ ಎಂತಹುದೇ ಇರಲಿ, ವೇಗ ಏರಿದಂತೆ ಅದೂ ಏರುತ್ತದೆ. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುವುದರಿಂದ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಒಂಬತ್ತರಷ್ಟು ಬಾರಿ ತಿರುಗುತ್ತದೆ. ನುಣುಪು ಡಾಂಬರಿನ ಮೇಲೆ ಸದ್ದು ನಿಲ್ಲುತ್ತದೆ ಎನ್ನುತ್ತೀರಾದ್ದರಿಂದ ಚಕ್ರವೂ ಅಲ್ಲ.

ಉಳಿದದ್ದು ರಸ್ತೆ. ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ ಪ್ರತಿ 4.5 ಮೀಟರಿಗೊಂದು ಅಡ್ಡ ಕೀಲು, ಅಂದರೆ ರಸ್ತೆಗೆ ಅಡ್ಡಲಾದ ಸಣ್ಣ ಸೀಳು, ಕೊಯ್ದಿರುತ್ತಾರೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಂತಹ ಕೀಲುಗಳನ್ನು ಸೆಕೆಂಡಿಗೆ ಎರಡೂವರೆಯಂತೆ ದಾಟುತ್ತೀರಿ. ಶಿರಾಡಿಯಲ್ಲಿ ನಿಮಗೆ ಕೇಳಿಸುವ ನಿಯಮಿತ ಲಯ ಬಹುಶಃ ಇದರದೇ. ಅಂದರೆ ಪ್ರತಿ ಚಿಕ್ಕ ಹೊಡೆತಕ್ಕೂ ಒಳಗೆ ಸಡಿಲವಾಗಿರುವ ಹಗುರವಾದ ವಸ್ತುವೊಂದು ಒಮ್ಮೆ ಹಾರಿ ಗಟ್ಟಿ ಪ್ಲಾಸ್ಟಿಕ್ಕಿಗೆ ಬಡಿಯುತ್ತಿದೆ. ಭಾರದ ವಸ್ತುವಾಗಿದ್ದರೆ ಇಷ್ಟು ಸಣ್ಣ ಹೊಡೆತಕ್ಕೆ ಅಲುಗುತ್ತಿರಲಿಲ್ಲ, ಅಲುಗಿದರೂ ಸದ್ದು ಮಂದವಾಗಿರುತ್ತಿತ್ತು.

ಬಿಸಿಲಿಗೆ ಸದ್ದು ತಗ್ಗುವುದೂ ಇದಕ್ಕೆ ಹೊಂದುತ್ತದೆ. ಒಳಗಿನ ಹೊದಿಕೆಗಳ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದೂವರೆ ಮೀಟರಿನಷ್ಟು ಉದ್ದದ ಡ್ಯಾಶ್‌ಬೋರ್ಡಿನ ಉಷ್ಣತೆ 20 ಡಿಗ್ರಿ ಏರಿದರೆ ಒಂದೆರಡು ಮಿಲಿಮೀಟರ್ ಹಿಗ್ಗುವುದು ಅಸಹಜವಲ್ಲ, ಅದರ ಹಿಂದಿರುವ ಉಕ್ಕಿನ ಚೌಕಟ್ಟು ಅರ್ಧ ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಬೆಳಗ್ಗೆ ತೆರೆದಿದ್ದ ಸಂದು ಮಧ್ಯಾಹ್ನ ಮುಚ್ಚಿಕೊಳ್ಳುತ್ತದೆ, ಮೆತ್ತಗಾದ ಪ್ಲಾಸ್ಟಿಕ್ ಬಡಿತವನ್ನೂ ಸ್ವಲ್ಪ ನುಂಗುತ್ತದೆ. ಆದ್ದರಿಂದ ಕಾರನ್ನು ಸರ್ವಿಸ್ ಕೇಂದ್ರಕ್ಕೆ ಮಧ್ಯಾಹ್ನ ಒಯ್ದು ಸದ್ದು ತೋರಿಸಲು ಹೋಗಬೇಡಿ. ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಅವರ ಮೆಕ್ಯಾನಿಕ್ ನಿಮ್ಮ ಜೊತೆ ಕುಳಿತು ಬರುವಂತೆ ಕೇಳಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಸದ್ದು ಎಸಿ ಕಿಂಡಿಯ ಬಳಿ ಕೇಳಿಸುತ್ತದೆ ಎಂದಮಾತ್ರಕ್ಕೆ ಅಲ್ಲೇ ಹುಟ್ಟುತ್ತದೆಂದು ನಂಬಬೇಡಿ. ಸದ್ದಿನ ದಿಕ್ಕನ್ನು ನಾವು ಗುರುತಿಸುವುದಕ್ಕೆ ಮುಖ್ಯ ಆಧಾರವೆಂದರೆ ಅದು ಎರಡು ಕಿವಿಗಳನ್ನು ತಲುಪುವ ಹೊತ್ತಿನ ಅಂತರ. ಅದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಓರೆಯಾದ ಮುಂಗಾಜು ಮತ್ತು ಪಕ್ಕದ ಗಾಜುಗಳಿಗೆ ಬಡಿದು ಹಿಂದಿರುಗುವ ಪ್ರತಿಧ್ವನಿ ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಸುಲಭವಾಗಿ ಕೆಡಿಸುತ್ತದೆ.

ನೀವು ಮಾಡಬಹುದಾದ ಪರೀಕ್ಷೆ ಹೀಗಿದೆ. ಕಾರಿನಲ್ಲಿರುವ ನಾಣ್ಯ, ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಕಾಗದಪತ್ರ ಎಲ್ಲವನ್ನೂ ಹೊರಗಿಡಿ. ಟಯರಿನ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ಮುದ್ರಿಸಿರುವ ಮಟ್ಟಕ್ಕೆ ತನ್ನಿ, ಏಕೆಂದರೆ ಸಾಗಣೆಗೆಂದು ಹೆಚ್ಚು ತುಂಬಿದ ಗಾಳಿಯನ್ನು ಇಳಿಸದೆ ಹೊಸ ಕಾರು ಕೊಡುವುದುಂಟು. ಬಳಿಕ ಪರಿಚಿತರೊಬ್ಬರು ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಲಿ, ನೀವು ಹಿಂದೆ ಕುಳಿತು ಬೆಲ್ಟು ಕಟ್ಟಿಕೊಂಡೇ ಕೇಳಿಸಿಕೊಳ್ಳಿ. ಬಣ್ಣ ಬಳಿಯುವವರು ಬಳಸುವ, ಅಂಟು ಉಳಿಸದ ಕಾಗದದ ಟೇಪನ್ನು ಅನುಮಾನವಿರುವ ಒಂದು ಜೋಡಣೆಯ ಮೇಲೆ ಮಾತ್ರ ಬಿಗಿಯಾಗಿ ಹಚ್ಚಿ ಮತ್ತೆ ಓಡಿಸಿ. ಬದಲಾವಣೆಯಿಲ್ಲದಿದ್ದರೆ ಅದನ್ನು ತೆಗೆದು ಮುಂದಿನ ಜೋಡಣೆಗೆ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ಮುರಿದರೆ ಇಡೀ ಪರೀಕ್ಷೆಯೇ ವ್ಯರ್ಥ.

ಉತ್ತರ: ಚಾರ್ಮಾಡಿ ಪಯಣಿಗ

ಕಂಪನ ಶಾಸ್ತ್ರಿಗಳು ಕಾರಿನ ಹೊರಗನ್ನು ಸ್ವಲ್ಪ ಬೇಗ ಬಿಟ್ಟುಕೊಟ್ಟರೇನೋ. ಕಾರಿನೊಳಗೆ ಕೇಳಿಸುವ ಸದ್ದುಗಳಲ್ಲಿ ಎಷ್ಟೋ ಬಾನೆಟ್ಟಿನ ಕೆಳಗಿನವು ಅಥವಾ ಚಾಸಿಯ ಅಡಿಯವು. ಬಾನೆಟ್ ಎತ್ತಿ ನಿಲ್ಲಿಸುವ ಸರಳು ಅದರ ಪ್ಲಾಸ್ಟಿಕ್ ಹಿಡಿಕೆಯೊಳಗೆ ಸರಿಯಾಗಿ ಕೂರದಿದ್ದರೆ ಇದೇ ತರಹದ ಸದ್ದು ಬರುತ್ತದೆ. ವೈಪರಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ ಒಂದು ತಪ್ಪಿದ್ದರೂ ಅಷ್ಟೆ. ಸದ್ದು ಬರುತ್ತಿರುವಾಗ ಬ್ರೇಕಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟು ನೋಡಿ, ಆ ಕ್ಷಣಕ್ಕೇ ನಿಂತರೆ ಬ್ರೇಕ್ ಪ್ಯಾಡ್ ತನ್ನ ಕ್ಲಿಪ್ಪಿನಲ್ಲಿ ಆಡುತ್ತಿದೆ ಎಂದರ್ಥ. ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡು ಸಡಿಲವಾದರೆ ಬರುವುದು ಝಲ್ ಎನ್ನುವ ತೆಳು ಲೋಹದ ಸದ್ದು, ಅದು ನಿಮ್ಮ ವರ್ಣನೆಗೆ ಹೊಂದುವುದಿಲ್ಲ.

ಅದೆಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಕೇಳುತ್ತೇನೆ. ಕಾರು ನಿಮ್ಮ ಕೈಸೇರುವ ಮೊದಲು ಅಥವಾ ಆಮೇಲೆ ಶೋರೂಮಿನಲ್ಲಾಗಲಿ ಹೊರಗಿನ ಅಂಗಡಿಯಲ್ಲಾಗಲಿ ಏನಾದರೂ ಬಿಡಿಭಾಗ ಹಾಕಿಸಿದ್ದೀರಾ? ಡ್ಯಾಶ್‌ಕ್ಯಾಮ್ (ಮುಂದಿನ ರಸ್ತೆಯನ್ನು ಚಿತ್ರೀಕರಿಸುವ ಪುಟ್ಟ ಕ್ಯಾಮೆರಾ), ಫಾಗ್ ಲ್ಯಾಂಪ್, ಒಳದೀಪದ ಪಟ್ಟಿ, ಸ್ಪೀಕರ್, ಜಿಪಿಎಸ್ ಯಾವುದೇ ಆಗಿರಲಿ. ಕಾರ್ಖಾನೆಯಲ್ಲಿ ಪ್ರತಿಯೊಂದು ವೈರಿನ ಕಟ್ಟಿಗೂ ಹಿಡಿಕೆ ಎಲ್ಲಿ, ಬಟ್ಟೆಯ ಟೇಪು ಎಷ್ಟು ಉದ್ದ ಎಂಬುದು ನಕಾಶೆಯಲ್ಲಿ ನಿಗದಿಯಾಗಿರುತ್ತದೆ. ಡೆಲಿವರಿಯ ದಿನದ ಗಡಿಬಿಡಿಯಲ್ಲಿ ಬಿಡಿಭಾಗ ಜೋಡಿಸುವವರಿಗೆ ಅಂತಹ ನಕಾಶೆಯೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಹೊಸ ಕಾರಿನ ಸದ್ದಿಗೆ ನಾನು ಮೊದಲು ಅನುಮಾನಿಸುವುದು ಅವರ ಕೈಕೆಲಸವನ್ನೇ.

ಪ್ರಶ್ನೆ ಕೇಳಿದವರು: ಹೇಮಾವತಿ ತೀರದವ

ಇಬ್ಬರಿಗೂ ಧನ್ಯವಾದಗಳು. ನ್ಯೂಟ್ರಲ್‌ನಲ್ಲಿ ಎಂಜಿನ್ ಎಷ್ಟು ಏರಿಸಿದರೂ ಸದ್ದು ಬರುವುದಿಲ್ಲ. ಬ್ರೇಕ್ ತುಳಿದರೂ ಸದ್ದು ಹಾಗೆಯೇ ಇರುತ್ತದೆ. ಬಾನೆಟ್ಟಿನ ಸರಳಿಗೆ ಬಟ್ಟೆ ಸುತ್ತಿ ಓಡಿಸಿದೆ, ವ್ಯತ್ಯಾಸ ಕಾಣಲಿಲ್ಲ.

ಕಾಗದದ ಟೇಪಿನ ಪರೀಕ್ಷೆ ಮಾತ್ರ ಆಶ್ಚರ್ಯಕರ ಫಲ ನೀಡಿತು. ಎಸಿ ಕಿಂಡಿಯ ಸುತ್ತ ಹಚ್ಚಿದಾಗ ಏನೂ ಆಗಲಿಲ್ಲ. ಮುಂಗಾಜಿಗೂ ಬಾಗಿಲಿಗೂ ನಡುವೆ ಮೇಲಕ್ಕೆ ಹೋಗುವ ಬಲಗಂಬದ ಹೊದಿಕೆಯನ್ನು ನನ್ನ ತಮ್ಮ ಓಡಿಸುತ್ತಿರುವಾಗ ಹಿಂದಿನಿಂದ ಕೈಚಾಚಿ ಅಂಗೈಯಿಂದ ಒತ್ತಿಹಿಡಿದರೆ ಸದ್ದು ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಬರುತ್ತದೆ. ಡೆಲಿವರಿಯ ಹೊತ್ತಿನಲ್ಲಿ ಡ್ಯಾಶ್‌ಕ್ಯಾಮ್ ಹಾಕಿಸಿದ್ದುಂಟು, ಅದರ ವೈರು ಅದೇ ಕಂಬದ ಮೂಲಕ ಸ್ಟೀರಿಂಗಿನ ಬಲಗಡೆಯ ಫ್ಯೂಸ್ ಪೆಟ್ಟಿಗೆಗೆ ಇಳಿದಿದೆ. ಆ ಹೊದಿಕೆ ಕ್ಲಿಪ್ಪುಗಳ ಮೇಲೆ ಕೂತಿರುವಂತೆ ಕಾಣುತ್ತದೆ. ಎಳೆದು ತೆಗೆದು ವೈರನ್ನು ಸರಿಪಡಿಸಬಹುದೇ?

ಉತ್ತರ: ಕಂಪನ ಶಾಸ್ತ್ರಿ

ದಯವಿಟ್ಟು ಎಳೆಯಬೇಡಿ. ಹೊದಿಕೆಯ ಮೇಲ್ಭಾಗದಲ್ಲಿ ಏರ್‌ಬ್ಯಾಗ್ ಎಂಬ ಗುರುತಿದೆಯೇ ನೋಡಿ. ಇದ್ದರೆ, ಪಕ್ಕದಿಂದ ಡಿಕ್ಕಿಯಾದಾಗ ತಲೆಯನ್ನು ರಕ್ಷಿಸುವ ಪರದೆ ಏರ್‌ಬ್ಯಾಗು ಚಾವಣಿಯ ಅಂಚಿನಿಂದ ಆ ಕಂಬದವರೆಗೆ ಮಡಚಿ ಕೂತಿರುತ್ತದೆ. ಅದು ಅರಳುವುದು ಕಣ್ಣುಮಿಟುಕಿಸುವುದಕ್ಕಿಂತ ಬೇಗ, ಸೆಕೆಂಡಿನ ಕೆಲವೇ ನೂರನೆಯ ಒಂದು ಭಾಗಗಳಲ್ಲಿ. ವೈರು ಏರ್‌ಬ್ಯಾಗಿನ ಮುಂದಿನಿಂದ, ಅಂದರೆ ಏರ್‌ಬ್ಯಾಗಿಗೂ ಹೊದಿಕೆಗೂ ನಡುವೆ ಹಾದುಹೋಗಿದ್ದರೆ ಅರಳುವ ದಾರಿಗೆ ಅಡ್ಡ ಬರಬಹುದು, ಇಲ್ಲವೇ ತುಂಡಾಗಿ ಮುಖದ ಕಡೆಗೆ ಸಿಡಿಯಬಹುದು. ಹೀಗಾಗಿ ಇದನ್ನು ಇನ್ನು ಬರೀ ಸದ್ದಿನ ದೂರು ಎಂದು ಪರಿಗಣಿಸಬೇಡಿ.

ಈ ಕೆಲಸವನ್ನು ಸರ್ವಿಸ್ ಕೇಂದ್ರದಲ್ಲೇ, ಬ್ಯಾಟರಿಯ ಋಣ ತುದಿಯನ್ನು ಕಳಚಿ, ಕೈಪಿಡಿ ಹೇಳಿರುವಷ್ಟು ಹೊತ್ತು ಕಾದು ಮಾಡಿಸಬೇಕು. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ಇರುವ ಕಂಬದ ಹೊದಿಕೆಗೆ ವಿಶೇಷ ಕ್ಲಿಪ್ಪುಗಳಿರುತ್ತವೆ; ಏರ್‌ಬ್ಯಾಗ್ ಅರಳಿದಾಗ ಹೊದಿಕೆ ಹಾರಿಹೋಗದಂತೆ ಹಿಡಿದಿಡುವುದು ಅವುಗಳ ಕೆಲಸ. ಒಮ್ಮೆ ಕಳಚಿದ ಮೇಲೆ ಅವನ್ನು ಹೊಸದಾಗಿ ಹಾಕಬೇಕೆಂದು ತಯಾರಕರು ಸೂಚಿಸಿರುತ್ತಾರೆ. ಹಳೆಯ ಕ್ಲಿಪ್ಪನ್ನೇ ಗುದ್ದಿ ಕೂರಿಸಿದ್ದರೆ ಸದ್ದಿಗೆ ಅದೂ ಕಾರಣವಾಗಬಹುದು.

ಉತ್ತರ: ಚಾರ್ಮಾಡಿ ಪಯಣಿಗ

ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವಿಸ್ ಕೇಂದ್ರದವರು ದೂರು ಬರೆದುಕೊಳ್ಳುವ ಚೀಟಿಯಲ್ಲಿ, "ಸದ್ದು ಬರುತ್ತದೆ" ಎಂದಷ್ಟೇ ಬರೆಸಬೇಡಿ. ಯಾವ ಹೊತ್ತಿನಲ್ಲಿ, ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಬರುತ್ತದೆ, ಬಲಗಂಬದ ಹೊದಿಕೆ ಒತ್ತಿದರೆ ನಿಲ್ಲುತ್ತದೆ, ಡ್ಯಾಶ್‌ಕ್ಯಾಮ್ ವೈರು ಏರ್‌ಬ್ಯಾಗಿನ ಬಳಿ ಹೇಗೆ ಹಾದುಹೋಗಿದೆ ಎಂಬುದನ್ನು ಪರಿಶೀಲಿಸಬೇಕು, ಇಷ್ಟನ್ನೂ ಬರೆಸಿ ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಏರ್‌ಬ್ಯಾಗ್ ಎಂಬ ಪದ ಕಾಗದದ ಮೇಲೆ ಬಂದ ಮೇಲೆ ಸಹಜ ಸದ್ದು ಎಂಬ ಉತ್ತರ ಕೊಡಲು ಯಾರಿಗೂ ಅಷ್ಟು ಸುಲಭವಲ್ಲ. ಒಪ್ಪದಿದ್ದರೆ ತಯಾರಕರ ಗ್ರಾಹಕ ವಿಭಾಗಕ್ಕೆ ಬರೆಯಿರಿ, ಅದೂ ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು.

ಪ್ರಶ್ನೆ ಕೇಳಿದವರು: ಹೇಮಾವತಿ ತೀರದವ

ಕೆಲಸ ಮುಗಿದಿದೆ, ಮುಂದೆ ಓದುವವರಿಗೆ ಉಪಯೋಗವಾಗಲೆಂದು ವಿವರ ಬರೆಯುತ್ತಿದ್ದೇನೆ. ಕಾರನ್ನು ಸಂಜೆಯೇ ಬಿಟ್ಟಿದ್ದೆ. ಬೆಳಗ್ಗೆ ಮೆಕ್ಯಾನಿಕ್ ಜೊತೆಗೆ ಕೂತು ಸದ್ದು ಕೇಳಿದರು, ಒತ್ತಿದಾಗ ನಿಲ್ಲುವುದನ್ನೂ ನೋಡಿದರು. ಹೊದಿಕೆ ತೆಗೆದಾಗ ಒಳಗೆ ಕಂಡದ್ದು ಹೆಚ್ಚಾಗಿ ಉಳಿದ ವೈರನ್ನು ಸುರುಳಿ ಸುತ್ತಿ ತುರುಕಿದ್ದ ಗಂಟು ಮತ್ತು ಅದರ ತುದಿಯ ಪ್ಲಾಸ್ಟಿಕ್ ಕನೆಕ್ಟರ್. ಆ ಕನೆಕ್ಟರ್ ಹೊದಿಕೆಯ ಒಳಮೈಗೆ ಬಡಿಯುತ್ತಿತ್ತು, ಬಡಿದ ಜಾಗದಲ್ಲಿ ಬಿಳಿಯ ಗೆರೆಗಳೂ ಮೂಡಿದ್ದವು. ವೈರು ಏರ್‌ಬ್ಯಾಗಿನ ಮುಂದಿನಿಂದಲೇ ಹಾದುಹೋಗಿತ್ತು, ಒಂದು ಕ್ಲಿಪ್ಪು ಅರ್ಧ ಮಾತ್ರ ಕೂತಿತ್ತು.

ವೈರನ್ನು ಏರ್‌ಬ್ಯಾಗಿನ ಹಿಂದಿನಿಂದ ತಂದು, ಕಾರ್ಖಾನೆಯ ವೈರಿನ ಕಟ್ಟಿಗೆ ಬಟ್ಟೆಯ ಟೇಪಿನಿಂದ ಜೋಡಿಸಿ, ಉಳಿದ ಉದ್ದವನ್ನು ಕೆಳಗೆ ಫ್ಯೂಸ್ ಪೆಟ್ಟಿಗೆಯ ಹತ್ತಿರ ಫೋಮ್ ಸುತ್ತಿ ಕಟ್ಟಿದ್ದಾರೆ. ಹೊಸ ಕ್ಲಿಪ್ಪುಗಳು ದಾಸ್ತಾನಿನಲ್ಲಿ ಇಲ್ಲದ ಕಾರಣ ತರಿಸಿಕೊಳ್ಳುವವರೆಗೆ ಹೊದಿಕೆಯನ್ನು ಹಾಕದೆ ಕಾರನ್ನು ಅಲ್ಲೇ ಇರಿಸಿಕೊಂಡರು. ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಲಿಲ್ಲ. ಚಳಿಯ ಬೆಳಗಿನಲ್ಲಿ ಬಡಾವಣೆಯ ಕಾಂಕ್ರೀಟ್ ರಸ್ತೆಯ ಮೇಲೆ ಓಡಿಸಿದೆ, ಕಟಕಟ ಇಲ್ಲ.

ಉತ್ತರ: ಗ್ಯಾರೇಜ್ ಪಕ್ಕದ ಮನೆ

ಕೊನೆಗೂ ಫೋಮ್ ಬಳಕೆಯಾಯಿತಲ್ಲ, ಅಷ್ಟು ಸಾಕು. ಒಂದು ಸಂದೇಹ ಮಾತ್ರ: ಎಡಗಡೆಯ ಕಂಬದಿಂದ ವೈರು ಇಳಿಸಿದವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆಯೇ?

ಉತ್ತರ: ಕಂಪನ ಶಾಸ್ತ್ರಿ

ಖಂಡಿತ ಅನ್ವಯಿಸುತ್ತದೆ. ಪರದೆ ಏರ್‌ಬ್ಯಾಗು ಎರಡೂ ಬದಿಗೆ ಇರುತ್ತದೆ. ಹಿಂಬದಿಯ ಕ್ಯಾಮೆರಾಕ್ಕಾಗಿ ಚಾವಣಿಯ ಅಂಚಿನುದ್ದಕ್ಕೂ ವೈರು ಎಳೆಸಿದವರು ಇನ್ನೂ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಅಲ್ಲಿ ವೈರು ಏರ್‌ಬ್ಯಾಗಿನ ಪೂರ್ತಿ ಉದ್ದಕ್ಕೂ ಜೊತೆಗೇ ಸಾಗುತ್ತದೆ.